ನಿಕ್ಕಲ್ ಮೇಲೆ ಹಿತ್ತಾಳೆ ಬಣ್ಣ: ಇಡಿ ಲ್ಯಾಕರ್ ಪರೀಕ್ಷಿಸಿದ ನನ್ನ ಅನುಭವ

ಹಾಸನದಲ್ಲಿ ನಮ್ಮದು ಬಾಗಿಲ ಹ್ಯಾಂಡಲ್, ಚಿಲಕಗಳಿಗೆ ಪ್ಲೇಟಿಂಗ್ ಮಾಡುವ ಚಿಕ್ಕ ಘಟಕ. ಚಿಕ್ಕಮಗಳೂರು, ಸಕಲೇಶಪುರ ಕಡೆಯ ಹೋಂಸ್ಟೇಗಳವರು ಕೇಳುವುದು ಹಿತ್ತಾಳೆ ಬಣ್ಣವನ್ನೇ. ಹಿತ್ತಾಳೆ ಪ್ಲೇಟಿಂಗ್ ಟ್ಯಾಂಕಿಗೆ ಸಾಮಾನ್ಯವಾಗಿ ಸೈನೈಡ್ ಬೇಕು. ಅದನ್ನು ಕೆಲಸದವರ ನಡುವೆ ಇಡಲು ನನಗೆ ಮನಸ್ಸಿಲ್ಲ. ಅದಕ್ಕೇ ಬ್ರೈಟ್ ನಿಕ್ಕಲ್ (ಹೊಳೆಯುವ ನಿಕ್ಕಲ್ ಲೇಪ) ಮೇಲೆ ಬಣ್ಣ ಬೆರೆಸಿದ ಇಡಿ ಲ್ಯಾಕರ್, ಅಂದರೆ ಕರೆಂಟ್ ಕೊಟ್ಟು ಕೂರಿಸುವ (ಎಲೆಕ್ಟ್ರೋಡಿಪಾಸಿಷನ್) ಪಾರದರ್ಶಕ ಲೇಪ, ಹಾಕಿದರೆ ಹೇಗೆ ಎಂದು ನೋಡಲು ಹೊರಟೆ.

ಕೆಲಸ ಹೀಗೆ. ನೀರಿನಲ್ಲಿ ಬೆರೆತ ಲ್ಯಾಕರ್ ಟ್ಯಾಂಕಿನಲ್ಲಿ ಪೀಸನ್ನು ಮುಳುಗಿಸಿ ಕರೆಂಟ್ ಕೊಡುತ್ತೇವೆ. ಲ್ಯಾಕರ್ ಬಂದು ಪೀಸಿಗೆ ಕೂರುತ್ತದೆ. ಕೂತ ಕಡೆ ಕರೆಂಟ್ ಹರಿಯುವುದು ಕಡಿಮೆಯಾಗುತ್ತದೆ, ಆಗ ಇನ್ನೂ ಕೂರದ ಸಂದಿಗಳಿಗೆ ಹೋಗುತ್ತದೆ. ಸ್ಪ್ರೇಗಿಂತ ಇದು ಒಳಮೂಲೆಗಳನ್ನು ಚೆನ್ನಾಗಿ ಮುಚ್ಚುವುದು ಇದರಿಂದಲೇ. ಆಮೇಲೆ ತೊಳೆದು ಓವನ್‌ನಲ್ಲಿ ಬೇಯಿಸಬೇಕು.

ಮಾರುವವರು ತೋರಿಸುವುದು ಚಪ್ಪಟೆ ತಗಡಿನ ಸ್ಯಾಂಪಲ್. ಅದು ಯಾವಾಗಲೂ ಚೆಂದವೇ. ಅದನ್ನು ನೋಡಿ ನಿರ್ಧಾರ ಮಾಡಬೇಡಿ. ನಿಮ್ಮ ರ್ಯಾಕ್ (ಪೀಸ್ ನೇತುಹಾಕುವ ಚೌಕಟ್ಟು) ತುಂಬಾ ನಿಮ್ಮದೇ ಪೀಸ್ ಕಟ್ಟಿ ನೋಡಿ. ಬಣ್ಣವಿಲ್ಲದ ಲ್ಯಾಕರ್ 8 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದೊಂದು ಭಾಗ ಒಂದು ಮೈಕ್ರಾನ್) ದಪ್ಪ ಇದ್ದರೂ 12 ಇದ್ದರೂ ಕಣ್ಣಿಗೆ ಒಂದೇ. ಬಣ್ಣದ್ದು ಹಾಗಲ್ಲ. ಡಿಕಾಕ್ಷನ್ ಲೋಟದ ಅಂಚಿನಲ್ಲಿ ಹೊಂಬಣ್ಣ, ಆಳದಲ್ಲಿ ಕಪ್ಪು ಕಾಣುತ್ತದಲ್ವಾ, ಹಾಗೇ ಇದೂ. ದಪ್ಪವೇ ಬಣ್ಣ. ನಮ್ಮ ರ್ಯಾಕಿನಲ್ಲಿ ಆನೋಡಿಗೆ (ಟ್ಯಾಂಕಿನಲ್ಲಿ ಪೀಸಿಗೆ ಎದುರಾಗಿರುವ ಪ್ಲಸ್ ತುದಿಯ ತಗಡು) ಹತ್ತಿರವಿದ್ದ ಹೊರಸಾಲಿನ ಹ್ಯಾಂಡಲ್‌ಗಳು ಕಂಚಿನ ಕಡೆಗೆ ವಾಲಿದವು, ನಡುವಿನವು ತಿಳಿ ಹಿತ್ತಾಳೆಯಾಗಿಯೇ ಉಳಿದವು. ಪೀಸ್‌ಗಳ ನಡುವೆ ಜಾಗ ಬಿಟ್ಟು, ವೋಲ್ಟೇಜನ್ನು ನಿಧಾನವಾಗಿ ಏರಿಸಿದ ಮೇಲೆ ವ್ಯತ್ಯಾಸ ತಗ್ಗಿತು. ರ್ಯಾಕಿನ ಕೊಕ್ಕೆಗಳ ಮೇಲೂ ಲ್ಯಾಕರ್ ಬೆಂದು ಕೂರುತ್ತದೆ. ಅದನ್ನು ತೆಗೆಯದಿದ್ದರೆ ಕಾಂಟ್ಯಾಕ್ಟ್ ಸಿಗದೆ ಆ ಪೀಸ್ ಮಾತ್ರ ಪೇಲವ.

ಎರಡು ಪೀಸ್ ಹೋಲಿಸುವಾಗ ಟ್ಯೂಬ್‌ಲೈಟ್ ನಂಬಬೇಡಿ. ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ, ಮತ್ತೆ ಹಳದಿ ಬಲ್ಬಿನ ಕೆಳಗೂ ನೋಡಿ. ಹೋಂಸ್ಟೇ ಕೋಣೆಯಲ್ಲಿ ಇರುವುದು ಆ ಬಲ್ಬೇ.

ಇನ್ನೊಂದು ವಿಷಯ, ಟ್ಯಾಂಕಿನಲ್ಲಿ ಬಣ್ಣವೂ ಲ್ಯಾಕರೂ ಒಂದೇ ಪ್ರಮಾಣದಲ್ಲಿ ಖರ್ಚಾಗುವುದಿಲ್ಲ. ವಾರ ಕಳೆದಂತೆ ಶೇಡ್ ಜಾರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಒಂದೇ ಅಳತೆಯ ತಗಡಿಗೆ ಅದೇ ವೋಲ್ಟೇಜ್, ಅದೇ ಸಮಯ ಕೊಟ್ಟು ತೆಗೆದು, ಕತ್ತಲಲ್ಲಿ ಜೋಪಾನವಾಗಿಟ್ಟ ಮೂಲ ತಗಡಿನ ಪಕ್ಕ ಇಡುತ್ತೇವೆ. ನಿಕ್ಕಲ್ ಟ್ಯಾಂಕಿನ ಉಪ್ಪು ಲ್ಯಾಕರ್ ಟ್ಯಾಂಕಿಗೆ ಸೇರಬಾರದು. ಕೊನೆಯ ತೊಳೆತಕ್ಕೆ ಡಿಎಂ ನೀರೇ (ಲವಣ ತೆಗೆದ ನೀರು) ಆಗಬೇಕು, ಬೋರ್‌ವೆಲ್ ನೀರು ಖಂಡಿತ ಬೇಡ.

ಓವನ್ನಿನ ಮುಳ್ಳು ತೋರಿಸುವುದು ಗಾಳಿಯ ಬಿಸಿ. ದಪ್ಪ ಎರಕದ ಹ್ಯಾಂಡಲ್ ನಿಧಾನ ಕಾಯುತ್ತದೆ, ತೆಳು ತಗಡು ಬೇಗ. ಹೆಚ್ಚು ಬೆಂದರೆ ಬಣ್ಣ ಕಂದುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಬೇಯಿಸುವುದಿಲ್ಲ. ಕಲೆ ಇದ್ದರೆ ಓವನ್ನಿಗೆ ಹೋಗುವ ಮೊದಲೇ ಹುಡುಕಿ. ಬೆಂದ ಪದರ ಕರೆಂಟ್ ಬಿಡುವುದಿಲ್ಲ, ಹಾಗಾಗಿ ಅದರ ಮೇಲೆ ಇನ್ನೊಂದು ಪದರ ಕೂರುವುದಿಲ್ಲ. ಪೂರ್ತಿ ಕಿತ್ತು ಮತ್ತೆ ಮಾಡಬೇಕು. ಖರ್ಚಿನ ಲೆಕ್ಕ ಹಾಕುವಾಗ ಲೀಟರ್ ಬೆಲೆಗಿಂತ ಈ ರಿಜೆಕ್ಟ್ ಖರ್ಚನ್ನು ನೋಡಿ ಎನ್ನುತ್ತೇನೆ.

ಬಿಸಿಲಿಗೆ ತಡೆಯುತ್ತದೆಯೇ? ಪೀಸಿನ ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಬೇಸಿಗೆಯಿಡೀ ತಾರಸಿಯ ಮೇಲೆ ಬಿಟ್ಟೆ. ಪದರ ಬಿರುಕು ಬಿಡಲಿಲ್ಲ, ಗೀರಿ ಟೇಪ್ ಅಂಟಿಸಿ ಎಳೆದರೂ ಏಳಲಿಲ್ಲ. ಆದರೆ ತಾಮ್ರದ ಕೆಂಪು ಶೇಡ್ ಫಾಯಿಲ್ ಅಂಚಿನಲ್ಲಿ ಗೆರೆ ಎಳೆದ ಹಾಗೆ ಮಾಸಿತ್ತು.

ಹಾಗಾಗಿ ಮನೆಯೊಳಗಿನ ಹ್ಯಾಂಡಲ್‌ಗಳಿಗೆ ಹಿತ್ತಾಳೆ ಮತ್ತು ತಿಳಿ ಕಂಚು ಶೇಡ್‌ಗಳನ್ನು ಉತ್ಪಾದನೆಗೆ ತೆಗೆದುಕೊಂಡೆವು. ಗೇಟು, ಬಿಸಿಲು ಬೀಳುವ ಮುಂಬಾಗಿಲಿಗೆ ಕೇಳಿದರೆ ಆಗುವುದಿಲ್ಲ ಎಂದು ನೇರವಾಗಿ ಹೇಳುತ್ತೇವೆ. ಜೋಡಿ ಬಾಗಿಲಿನ ಎರಡು ಹ್ಯಾಂಡಲ್‌ಗಳನ್ನು ಒಂದೇ ರ್ಯಾಕಿನಲ್ಲಿ ಅಕ್ಕಪಕ್ಕ ಕಟ್ಟಿ, ಒಂದೇ ಪೆಟ್ಟಿಗೆಯಲ್ಲಿ ಕಳಿಸುತ್ತೇವೆ.