ಒಂದು ಮೀಟರ್ ಫ್ಲೀಸ್‌ನಲ್ಲಿ ತುಂಬುತೋಳಿನ ಸ್ವೆಟರ್

ಮಡಿಕೇರಿಯಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ದಪ್ಪ ಉಣ್ಣೆಯ ಸ್ವೆಟರ್ ಒಮ್ಮೆ ಒದ್ದೆಯಾದರೆ ದಿನಗಟ್ಟಲೆ ಒಲೆ ಕಾಯಬೇಕು. ಅದಕ್ಕೇ ಮನೆಮಂದಿಗೆಲ್ಲ ನಾನು ಫ್ಲೀಸ್‌ನಲ್ಲೇ, ಅಂದರೆ ಮೇಲೆ ಮೆತ್ತನೆಯ ರೋಮವಿರುವ ಪಾಲಿಯೆಸ್ಟರ್ ಬಟ್ಟೆಯಲ್ಲೇ ಹೊಲಿಯುತ್ತೇನೆ. ಮೆತ್ತಗಿರುತ್ತದೆ, ಬೇಗ ಆರುತ್ತದೆ, ಕತ್ತರಿಸಿದ ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ. ಆದರೆ ಕಟ್‌ಪೀಸ್ ಅಂಗಡಿಯಲ್ಲಿ ಮನಸ್ಸಿಗೆ ಹಿಡಿಸಿದ ಬಣ್ಣ ಸಿಕ್ಕಿತೆಂದರೆ ಅದು ಒಂದೇ ಮೀಟರ್ ಉಳಿದಿರುತ್ತದೆ. ದೊಡ್ಡವರ ತುಂಬುತೋಳಿಗೆ ಸಾಲದು ಎಂದು ಬಿಟ್ಟುಬರಬೇಡಿ. ತೋಳನ್ನು ಮೊಣಕೈ ಹತ್ತಿರ ಎರಡು ತುಂಡು ಮಾಡಿದರೆ ಸಾಲುತ್ತದೆ.

ಎದೆ ಸುತ್ತಳತೆ 34 ಇಂಚು ಇರುವವರ ಲೆಕ್ಕ ಹೇಳುತ್ತೇನೆ. ಬಟ್ಟೆಯ ಪನ್ನ, ಅಂದರೆ ಅಗಲ, 58 ಇಂಚು, ಉದ್ದ 39 ಇಂಚು ಅಂತಿಟ್ಟುಕೊಳ್ಳಿ. ಸಡಿಲಕ್ಕೆ 4 ಇಂಚು ಸೇರಿಸಿದರೆ ಎದುರು ಭಾಗ 19, ಹಿಂಭಾಗ 19. ಹೊಲಿಗೆಗೆ ಒಂದೊಂದು ಇಂಚು ಸೇರಿ ತಲಾ 20. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪನ್ನದಲ್ಲಿ 40 ಇಂಚು ಹೋಯಿತು. ಪಕ್ಕದಲ್ಲಿ ಉಳಿದ ಜಾಗದಲ್ಲಿ 16 ಇಂಚು ಅಗಲ, 14 ಇಂಚು ಉದ್ದದ ಮೇಲ್ತೋಳು ಎರಡು, ಒಂದರ ಕೆಳಗೊಂದು. ಮೈಯ ಭಾಗ 25 ಇಂಚು ಉದ್ದ ಅಂದರೆ ಅದರ ಕೆಳಗೆ 14 ಇಂಚಿನ ಪಟ್ಟಿ ಉಳಿಯುತ್ತದಲ್ಲ, ಕೆಳತೋಳುಗಳು ಬರುವುದು ಅಲ್ಲೇ. ಭುಜ ಸ್ವಲ್ಪ ಇಳಿಬಿದ್ದ ಮಾದರಿಗೆ ಈ ಲೆಕ್ಕ. ಅಳತೆಗೆ ಹಳೆಯ ಸಡಿಲ ಟೀಶರ್ಟನ್ನು ಪೇಪರಿನ ಮೇಲೆ ಹಾಸಿ ಗುರುತು ಮಾಡಿಕೊಳ್ಳಿ. ಪೇಪರಿನ ತುಂಡುಗಳೆಲ್ಲ ಬಟ್ಟೆಯ ಮೇಲೆ ಕೂತವು ಎಂದು ಕಣ್ಣಾರೆ ಕಾಣುವ ತನಕ ಕತ್ತರಿ ಮುಟ್ಟಬಾರದು.

ಬಟ್ಟೆ ಸಾಲದಿದ್ದಾಗ ತುಂಡನ್ನು ಅಡ್ಡ ತಿರುಗಿಸಿ ಹೊಂದಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಇದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಪನ್ನದ ಕಡೆಗೆ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಹಿಗ್ಗುವ ದಿಕ್ಕು ಯಾವಾಗಲೂ ಮೈಯನ್ನು, ತೋಳನ್ನು ಸುತ್ತಿ ಬರಬೇಕು. ಒಮ್ಮೆ ನಾನು ಕೊರಳಿನ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ಹೊಲಿದೆ. ತಂಗಿಯ ಮಗನ ತಲೆ ಅದರೊಳಗೆ ತೂರಲೇ ಇಲ್ಲ, ಇಡೀ ಕೊರಳು ಬಿಚ್ಚಬೇಕಾಯಿತು. ಇನ್ನೊಂದು, ಅಂಗೈಯಿಂದ ಸವರಿ ನೋಡಿ. ರೋಮ ನಯವಾಗಿ ಮಲಗುವ ದಿಕ್ಕು ಎಲ್ಲ ತುಂಡುಗಳಲ್ಲೂ ಕೆಳಮುಖವಾಗಿರಲಿ. ಒಂದು ತೋಳು ತಲೆಕೆಳಗಾದರೂ ಬಿಸಿಲಿನಲ್ಲಿ ಬೇರೆ ಬಣ್ಣದ ಹಾಗೆ ಕಾಣುತ್ತದೆ.

ಕೊರಳು ಮತ್ತು ಮಣಿಕಟ್ಟಿನ ಪಟ್ಟಿಗೆ ಹೊಸ ಬಟ್ಟೆ ಯಾಕೆ? ಹಳೆಯ ಸ್ವೆಟರಿನ ಗೀರುಗೀರಾದ ಅಂಚು ಇನ್ನೂ ಗಟ್ಟಿಯಿದ್ದರೆ ಅದೇ ಸಾಕು, ಹಿಗ್ಗಿ ಮತ್ತೆ ಕುಗ್ಗುವ ಗುಣ ಅದಕ್ಕೆ ಹೆಚ್ಚು. ಕೊರಳಿನ ಸುತ್ತು 22 ಇಂಚು ಬಂದರೆ ಪಟ್ಟಿ 18 ಅಥವಾ 19 ಇರಲಿ, ಜೋಡಣೆಗೆ ಒಂದು ಇಂಚು ಬೇರೆ. ಪಟ್ಟಿಯನ್ನೂ ಕೊರಳನ್ನೂ ನಾಲ್ಕು ಭಾಗ ಮಾಡಿ ಗುರುತು ಕೂಡಿಸಿ, ಪಟ್ಟಿಯನ್ನು ಮಾತ್ರ ಎಳೆಯುತ್ತ ಹೊಲಿಯಿರಿ.

ಸೂಜಿ ಬಾಲ್‌ಪಾಯಿಂಟ್ ಇರಲಿ, 14ನೇ ನಂಬರು. ಅದರ ದುಂಡು ಮೊನೆ ಎಳೆಗಳನ್ನು ಚುಚ್ಚದೆ ನಡುವೆ ಸರಿಸಿಕೊಂಡು ಇಳಿಯುತ್ತದೆ. ಚೂಪು ಸೂಜಿಯಲ್ಲಿ ಹೊಲಿಗೆ ತಪ್ಪುವುದು ಹೆಚ್ಚು. ದಾರ ಪಾಲಿಯೆಸ್ಟರ್. ಸಣ್ಣ ಜಿಗ್‌ಜಾಗ್ ಹಾಕಿ. ಕಾಲಿನಲ್ಲಿ ತುಳಿಯುವ ಹಳೆಯ ಮೆಷಿನ್ ಆದರೆ ನೇರ ಹೊಲಿಗೆಯನ್ನೇ, ಬಟ್ಟೆಯನ್ನು ಹಿಂದೆ ಮುಂದೆ ತುಸು ಬಿಗಿ ಹಿಡಿದು ಹಾಕಿ. ಭುಜದ ಹೊಲಿಗೆಯಲ್ಲಿ ಮಾತ್ರ ಹಳೆಯ ಕಾಟನ್ ಸೀರೆಯ ಅಂಚಿನ ತೆಳು ಪಟ್ಟಿ ಸೇರಿಸಿ ಹೊಲಿದರೆ ತೋಳಿನ ಭಾರಕ್ಕೆ ಜೋತು ಬೀಳುವುದಿಲ್ಲ. ಬಿಸಿ ಇಸ್ತ್ರಿ ಬೇಡವೇ ಬೇಡ, ಫ್ಲೀಸ್ ಕರಗುತ್ತದೆ. ಹೊಲಿಗೆಯನ್ನು ಉಗುರಿನಿಂದ ಗೀರಿ ಮಲಗಿಸಿದರಾಯಿತು.

ಮೊಣಕೈಯ ಜೋಡಣೆ ಎದ್ದು ಕಾಣುತ್ತದೆ ಅನ್ನಿಸಿದರೆ ಅದರ ಮೇಲೆ ಹೊಂದುವ ಬಣ್ಣದ ದಾರದಲ್ಲಿ ಕೈಹೊಲಿಗೆಯ ಒಂದು ಸಾಲು ಓಡಿಸಿ, ಬೇಕೆಂದೇ ಮಾಡಿದ ಅಲಂಕಾರದ ಹಾಗಿರುತ್ತದೆ. ಮೇಲ್ತೋಳುಗಳ ಕೆಳಗೆ 16 ಇಂಚು ಅಗಲ, 11 ಇಂಚು ಎತ್ತರದ ಚೂರೊಂದು ಉಳಿದಿರುತ್ತದೆ, ಎಸೆಯಬೇಡಿ. ಹಿಂದೆ ಒಂದು ಹೊಲಿಗೆ ಹಾಕಿ, ನೆತ್ತಿಯಲ್ಲಿ ನೂಲು ಪೋಣಿಸಿ ನೆರಿಗೆ ಎಳೆದು ಕಟ್ಟಿದರೆ ಕೂಸಿಗೊಂದು ಟೋಪಿ.