ಮೆನು ಕಾರ್ಡಿನಲ್ಲಿ ದರದ ಜಾಗ ಬದಲಿಸಿ ನೋಡಿ

ಮೆನು ಹೊಸದಾಗಿ ಪ್ರಿಂಟ್ ಮಾಡಿಸುವವರಿಗೆ: ದರಗಳನ್ನು ಬಲ ಅಂಚಿನಲ್ಲಿ ಒಂದರ ಕೆಳಗೊಂದು ನಿಲ್ಲಿಸಬೇಡಿ. ತಿನಿಸಿನ ವಿವರಣೆ ಮುಗಿದಲ್ಲೇ ಎರಡು ಅಕ್ಷರದಷ್ಟು ಜಾಗ ಬಿಟ್ಟು, ಅದೇ ಗಾತ್ರದಲ್ಲಿ ಬರೆಯಿರಿ. ಬೋಲ್ಡ್ ಬೇಡ, ಹೆಸರಿನಿಂದ ದರದವರೆಗೆ ಎಳೆಯುವ ಚುಕ್ಕಿಸಾಲಂತೂ ಬೇಡವೇ ಬೇಡ, ಅದು ಕಣ್ಣನ್ನು ಕೈಹಿಡಿದು ಅಂಕಿಯ ಹತ್ತಿರ ಕರೆದೊಯ್ಯುತ್ತದೆ. ದರಗಳು ಕಂಬದ ಹಾಗೆ ನಿಂತರೆ ಗಿರಾಕಿ ಮೇಲಿಂದ ಕೆಳಗೆ ಅಂಕಿ ಓದಿ, ಅಗ್ಗದ್ದನ್ನು ಹಿಡಿದು, ಆಮೇಲಷ್ಟೇ ಅದು ಏನೆಂದು ನೋಡುತ್ತಾರೆ. ವಿವರಣೆಯ ತುದಿಯಲ್ಲಿದ್ದರೆ ಮೊದಲು ತಿನಿಸನ್ನು ಓದಬೇಕಾಗುತ್ತದೆ. ಹಾಗೆಂದು ದರವನ್ನು ಸಣ್ಣಕ್ಷರದಲ್ಲಿ ಅಡಗಿಸಲು ಹೋಗಬೇಡಿ, ಬಿಲ್ ಬಂದಾಗ ಜಗಳ ಗ್ಯಾರಂಟಿ. ತಿನಿಸುಗಳನ್ನು ದರದ ಏರಿಕೆಯ ಕ್ರಮದಲ್ಲಿ ಜೋಡಿಸಿದರೂ ಈ ಉಪಾಯ ಕೆಲಸ ಮಾಡುವುದಿಲ್ಲ, ಕ್ರಮವೇ ಗುಟ್ಟು ಬಿಟ್ಟುಕೊಡುತ್ತದೆ, ಬೆರೆಸಿ ಇಡಿ. ಇನ್ನೊಂದು ಕಾಟ: ವಿವರಣೆ ಉದ್ದವಾದಾಗ ದರ ಒಂಟಿಯಾಗಿ ಮುಂದಿನ ಸಾಲಿಗೆ ಜಾರಿ, ಕೆಳಗಿನ ತಿನಿಸಿನದೇನೋ ಎಂಬಂತೆ ಕಾಣುತ್ತದೆ. ವರ್ಡ್‌ನಲ್ಲಾದರೆ ದರದ ಮುಂಚೆ ಬಿಡುವ ಜಾಗಕ್ಕೆ ಬರೀ ಸ್ಪೇಸ್ ಬದಲು ಕಂಟ್ರೋಲ್, ಶಿಫ್ಟ್, ಸ್ಪೇಸ್ ಒಟ್ಟಿಗೆ ಒತ್ತಿ. ಕೊನೆಯ ಪದ ಮತ್ತು ದರ ಬೇರೆಯಾಗುವುದಿಲ್ಲ. ಹಾಫ್, ಫುಲ್ ಎಂದು ಎರಡೆರಡು ದರ ಇರುವ ಪಟ್ಟಿಗೆ ಇದು ಒಗ್ಗದು, ಅಲ್ಲಿ ಕಾಲಮ್ಮೇ ಸರಿ. ಕೌಂಟರ್ ಮೇಲಿನ ಬೋರ್ಡಿಗೂ ಅಷ್ಟೇ: ಕ್ಯೂನಲ್ಲಿ ನಿಂತವರಿಗೆ ದೂರದಿಂದ ದರ ತಟ್ಟನೆ ಕಾಣದಿದ್ದರೆ ಕ್ಯೂ ಮುಂದೆ ಸರಿಯುವುದಿಲ್ಲ.