ಪ್ಯಾಲೆಟ್ ಟ್ರಕ್ ಎಡಕ್ಕೆ ಎಳೆಯುತ್ತಿತ್ತು, ರೋಲರ್ ಬದಲಿಸಿದೆ

ಲೋಡ್ ಹಾಕಿದ ಕೂಡಲೇ ನಮ್ಮ ಪ್ಯಾಲೆಟ್ ಟ್ರಕ್ (ಸರಕಿನ ಹಲಗೆಯನ್ನು ಎತ್ತಿ ಕೈಯಿಂದ ಎಳೆಯುವ ಗಾಡಿ) ಎಡಕ್ಕೆ ಎಳೆಯುತ್ತಿತ್ತು. ಜೊತೆಗೆ ಕಟಕಟ ಸದ್ದು. ಲೋಡ್ ಎತ್ತುವ ಪಂಪ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಅದನ್ನೇ ನೋಡಿದೆ. ಕೊನೆಗೆ ಟ್ರಕ್ ಅನ್ನು ಖಾಲಿ ಮಾಡಿ ಪಕ್ಕಕ್ಕೆ ಮಲಗಿಸಿದಾಗ ಗೊತ್ತಾಯಿತು. ಎಡ ಫೋರ್ಕ್‌ನ (ಹಲಗೆಯ ಕೆಳಗೆ ಹೋಗುವ ಉದ್ದ ತೋಳು) ರೋಲರ್‌ಗೆ, ಅಂದರೆ ಅದರ ಕೆಳಗಿನ ಚಿಕ್ಕ ಚಕ್ರಕ್ಕೆ, ಪ್ಯಾಕಿಂಗ್ ಪಟ್ಟಿ ಸುತ್ತಿಕೊಂಡಿತ್ತು. ರೋಲರ್ ತಿರುಗದೆ ನೆಲಕ್ಕೆ ಉಜ್ಜಿ, ಒಂದು ಕಡೆ ಚಪ್ಪಟೆಯಾಗಿತ್ತು.

ಹೊಸ ರೋಲರ್ ತರಿಸುವಾಗ ಅಳತೆಯಲ್ಲೇ ಜಾಸ್ತಿ ಜನ ತಪ್ಪುವುದು. ಸವೆದ ರೋಲರ್ ಅಳೆದರೆ ವ್ಯಾಸ ಕಡಿಮೆಯೇ ಬರುತ್ತದೆ, ಅಲ್ವಾ? ನಾನು ಚೆನ್ನಾಗಿದ್ದ ಬಲಗಡೆಯದನ್ನು ಅಳೆದೆ: ವ್ಯಾಸ 80 ಮಿ.ಮೀ., ಅಗಲ 70 ಮಿ.ಮೀ. ಬೇರಿಂಗ್ ಮೇಲೆ 6204 ಅಂತಿತ್ತು, ಆ ನಂಬರಿನ ಬೇರಿಂಗ್‌ನ ಒಳ ರಂಧ್ರ 20 ಮಿ.ಮೀ., ಅಂದರೆ ಅದರೊಳಗೆ ಹೋಗುವ ಆಕ್ಸಲ್ ಕೂಡ 20 ಮಿ.ಮೀ. ನಿಮ್ಮದು ಬೇರೆ ಇರಬಹುದು, ಅಳೆದೇ ತರಿಸಿ.

ಆಕ್ಸಲ್ ಹಿಡಿದಿರುವ ಸ್ಪ್ರಿಂಗ್ ಪಿನ್ ಅನ್ನು ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು ತೆಗೆದೆ. ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಸ್ವಲ್ಪ ಕಾಯಬೇಕಾಯಿತು. ಆಮೇಲೆ ಆಕ್ಸಲ್ ಸುಲಭವಾಗಿ ಬಂತು. ಅದಕ್ಕೆ ಗ್ರೀಸ್ ಹಚ್ಚಿ ಹೊಸ ರೋಲರ್ ಕೂರಿಸಿದೆ, ಹೊಸ ಪಿನ್ ಹಾಕಿದೆ.

ಬಲಗಡೆಯದನ್ನೂ ಬದಲಿಸಿದೆ. ಒಂದು ಹೊಸದು, ಒಂದು ಹಳೆಯದು ಇದ್ದರೆ ಫೋರ್ಕ್‌ಗಳ ಎತ್ತರ ಸರಿಸಮ ಬರುವುದಿಲ್ಲ. ನೈಲಾನ್ ರೋಲರ್ ಹಗುರವಾಗಿ ಉರುಳುತ್ತದೆ, ಆದರೆ ಸದ್ದು ಜಾಸ್ತಿ. ಅದಕ್ಕೇ ಪಾಲಿಯುರೆಥೇನ್ ಆರಿಸಿದೆ. ಈಗ ನೇರವಾಗಿ ಹೋಗುತ್ತಿದೆ.